ಗಾಡಿ ಮಗನಿಗೆ, ಮರಿ ಮಗಳಿಗೆ

ಮುತ್ತುರಾಜ್ ಯಾರಿಗೂ ಮೋಸ ಮಾಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು, ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬಂದೀತು. ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಅವನು ಕಟಿಂಗ್ ಮಾಸ್ಟರ್. ಥಾನಿನಲ್ಲಿ ಗೇಣು ಬಟ್ಟೆ ಉಳಿದರೂ ಸಾವುಕಾರನ ಕಣ್ಣ ಮುಂದೆ ಇಟ್ಟು ಮನೆಗೆ ಹೋಗುವ ಮನುಷ್ಯ. ಕೂಲಿ ಹೆಂಗಸರು ಊಟದ ಹೊತ್ತಿಗೆ ಕಿವಿಯೋಲೆ ಬಿಚ್ಚಿ ಅವನ ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋಗುತ್ತಿದ್ದರು, ಅಷ್ಟು ನಂಬಿಕೆ. ಅಂಥವನು ಒಡಹುಟ್ಟಿದ ಅಕ್ಕನ ಅಂಗಳದಿಂದ, ಹಾಡುಹಗಲು, ಅವಳು ನೋಡುತ್ತ ನಿಂತಿರುವಾಗಲೇ, ಅವಳ ಬದುಕಿನ ಆಸರೆಯೊಂದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದ. ಆಗ ಅದು ತನಗೆ ಗೊತ್ತಿರಲಿಲ್ಲ ಎನ್ನುತ್ತಾನೆ. ಸದ್ಯಕ್ಕೆ ನಾವೂ ಹಾಗೇ ಅಂದುಕೊಳ್ಳೋಣ.

ಎಳೆದು ತಂದದ್ದು ಅವನಪ್ಪ ಸೂರಪ್ಪನ ಪಿಕಪ್ಪನ್ನು. ಮಡಕಶಿರದ ಆಚೆ ಕಲ್ಲುರೊಪ್ಪ ಎಂಬ ಹಳ್ಳಿ ಅವರದು. ಸೂರಪ್ಪ ಕುರಿ ವ್ಯಾಪಾರಿ. ಎಪ್ಪತ್ತರ ದಶಕದ ಹಳೇ ಗಾಡಿಯೊಂದನ್ನು ಹರಾಜಿನಲ್ಲಿ ಹಿಡಿದು, ಹಿಂದೂಪುರ, ಪಾವಗಡ, ಶಿರಾ ಸಂತೆಗಳಿಗೆಲ್ಲ ಅದರಲ್ಲೇ ಕುರಿ ಹೇರುತ್ತಿದ್ದ. ಮುಂದೆ ಜೀಪಿನ ಮೂತಿ, ಎರಡು ಗುಂಡು ದೀಪ. ಹಿಂದೆ ಕಬ್ಬಿಣದ ತೊಟ್ಟಿ, ಅದರ ಮೇಲೆ ಎದೆಮಟ್ಟದ ಕಬ್ಬಿಣದ ಸರಳು. ಮುತ್ತುರಾಜ್ ಚಿಕ್ಕವನಿದ್ದಾಗ ಕುರಿಗಳ ಮಧ್ಯೆ ಆ ಸರಳು ಹಿಡಿದು ನಿಂತು ಸಂತೆಗೆ ಹೋಗುತ್ತಿದ್ದ. ಅವನ ಪಾಲಿಗೆ ಅಪ್ಪನೆಂದರೆ ಆ ಗಾಡಿ, ಗಾಡಿಯೆಂದರೆ ಅಪ್ಪ.

ಎಂಜಿನ್ನು ಸೂರಪ್ಪನಿಗಿಂತ ಮೊದಲೇ ಸತ್ತಿತು. ಗಾಡಿಯನ್ನು ಮಗಳು ಮೈಲಾರಮ್ಮನ ಅಂಗಳದ ಹೊಂಗೆ ಮರದಡಿ ತಳ್ಳಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದರು. ಮೈಲಾರಮ್ಮ ಅದೇ ಊರಿಗೆ ಕೊಟ್ಟ ಹೆಣ್ಣು. ಕುರಿ ಕಾಯುವವಳು ಅವಳೇ. ಗಂಡ ಕದರಪ್ಪ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ಯುಗಾದಿಗೆ ಬಂದರೆ ಬಂದ. ಮಗಳು ಮಂಜುಳ ಅಲ್ಲೇ ಗಾರ್ಮೆಂಟ್ಸಿನಲ್ಲಿ ಶರಟಿಗೆ ಕಾಲರು ಕೂಡಿಸುತ್ತಿದ್ದಳು. ಇವರ ಮನೆಯೊಂದೇ ಅಲ್ಲ, ಇಡೀ ಕಲ್ಲುರೊಪ್ಪವೇ ಆ ವರ್ಷಗಳಲ್ಲಿ ಬೆಳಗಿನ ಮೊದಲ ಬಸ್ಸಿಗೆ ಖಾಲಿಯಾಗುತ್ತಿತ್ತು. ಹಗಲು ಹೊತ್ತಿನಲ್ಲಿ ಊರಲ್ಲಿ ಮನುಷ್ಯರಿಗಿಂತ ಬೀಗಗಳೇ ಹೆಚ್ಚು.

ಕುರಿ ಸಾಕುವವರಿಗೆ ಇದರಿಂದ ಬಂದ ಕಷ್ಟ ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಹೊಸದಾಗಿ ಈದ ಕುರಿ ಮೇಯಲು ಹೋಗಲೇಬೇಕು, ಆದರೆ ಅದರ ಮರಿ ಅಷ್ಟು ದೂರ ನಡೆಯಲಾರದು. ಹಿಂದೆ ಮರಿ ಕಾಯಲು ಮನೆಯಲ್ಲಿ ಯಾರಾದರೊಬ್ಬರು ಇರುತ್ತಿದ್ದರು. ಈಗ ಇಲ್ಲ. ಇಲ್ಲದ್ದನ್ನು ನಾಯಿಗಳಿಗಿಂತ ಮೊದಲು ತೋಳಗಳು ಕಂಡುಕೊಂಡವು. ಮೊದಲೆಲ್ಲ ಗುಡ್ಡದಂಚಿಗೆ ನಿಂತು ಹೋಗುತ್ತಿದ್ದವು, ಈಗ ಹಗಲಲ್ಲೇ ಊರ ಬೀದಿಗೆ ಬರತೊಡಗಿದವು. ಮೈಲಾರಮ್ಮ ಯಾರನ್ನೂ ಕೇಳದೆ ಮರಿಗಳನ್ನು ಅಪ್ಪನ ಪಿಕಪ್ಪಿನ ತೊಟ್ಟಿಗೆ ಏರಿಸಿ, ಹಿಂದಿನ ಡೋರಿನ ಚಿಲಕ ಹಾಕಿ, ಕುರಿ ಹೊಡೆದುಕೊಂಡು ನಿಶ್ಚಿಂತೆಯಿಂದ ಹೋಗತೊಡಗಿದಳು. ಆ ಎತ್ತರ, ಆ ಸರಳು ದಾಟುವ ತೋಳ ಇನ್ನೂ ಹುಟ್ಟಿರಲಿಲ್ಲ.

ಸೂರಪ್ಪ ಸಾಯುವಾಗ ನಾಲ್ಕು ಜನರೆದುರು ಹೇಳಿದ ಮಾತು ಊರಿಗೆಲ್ಲ ಗೊತ್ತು: "ಗಾಡಿ ಮಗಂಗೆ. ಅದ್ರೊಳಗಿರೋ ಮರಿ ಮಗಳಿಗೆ." ಎಂಥ ನ್ಯಾಯ ಮಾಡಿದನಪ್ಪಾ ಎಂದು ಎಲ್ಲರೂ ಹೊಗಳಿದರು. ಗಾಡಿ ಎಳೆದರೆ ಮರಿ ಎಲ್ಲಿರಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ನ್ಯಾಯದ ಮಾತು ಚೆನ್ನಾಗಿದ್ದರೆ ಸಾಕು, ಮುಂದಿನದನ್ನು ಯಾರು ನೋಡುತ್ತಾರೆ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಮುತ್ತುರಾಜನಿಗೆ ಗಾಡಿಯ ನೆನಪು ಬಂತು. ಆಗ ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಮಿಷನ್ನಿನ ಸದ್ದು. ನಿನ್ನೆ ಗುಂಡಿ ಹಾಕುತ್ತಿದ್ದವನು ಇವತ್ತು ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮಿಷನ್ನು ಇಟ್ಟುಕೊಂಡು ಸಾವುಕಾರನಾಗುತ್ತಿದ್ದ. ತನಗೂ ಒಂದು ಗಾಡಿಯಿದ್ದರೆ, ತಾನೇ ಬಟ್ಟೆ ತಂದು ಹೊಲಿಸಿ, ಬಳ್ಳಾರಿಗೆ ತಾನೇ ಹೇರಿಕೊಂಡು ಹೋಗಬಹುದಲ್ಲ ಎಂದು ಅವನಿಗೂ ಅನ್ನಿಸಿತು. ಹೊಸ ಗಾಡಿ ಕೊಳ್ಳುವ ಶಕ್ತಿ ಇಲ್ಲ. ಆದರೆ ಅಪ್ಪನದೊಂದು ಇದೆಯಲ್ಲ! ಲೆಕ್ಕಾಚಾರಕ್ಕೆ ಮಮತೆ ಸೇರಿಬಿಟ್ಟರೆ ಮನುಷ್ಯನನ್ನು ಹಿಡಿಯುವವರಿಲ್ಲ.

ಅವನು ಟ್ರ್ಯಾಕ್ಟರು ತಂದ ದಿನ ಮೈಲಾರಮ್ಮ ಇನ್ನೂ ಕುರಿ ಬಿಟ್ಟಿರಲಿಲ್ಲ.

"ಅಕ್ಕಯ್ಯ, ಅಪ್ಪನ್ ಗಾಡಿ ರಿಪೇರಿ ಮಾಡ್ಸಾನ ಅಂತ ಬಂದೆ," ಎಂದ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಗಳಿಗೆ ಗಾಡಿ ನೋಡಿದಳು. ಆಮೇಲೆ, "ತಗಂಡೋಗಪ್ಪ. ನಿಂದೇ ಅಲ್ವಾ," ಎಂದಳು.

ಆ ಒಂದು ಗಳಿಗೆ ಮುಂದೆ ಅವನನ್ನು ಎಷ್ಟು ಕಾಡಿತೆಂದರೆ, ಮಿಷನ್ನಿನ ಸದ್ದಿನ ನಡುವೆಯೂ ನೆನಪಾಗಿ ಕತ್ತರಿ ನಿಂತುಬಿಡುತ್ತಿತ್ತು. ಆದರೆ ಆವತ್ತು ಅವನು ಅದನ್ನು ಒಪ್ಪಿಗೆ ಎಂದೇ ತಿಳಿದ. ತಾನೇ ತೊಟ್ಟಿಗೆ ಹತ್ತಿ ಮರಿಗಳನ್ನು ಒಂದೊಂದಾಗಿ ಎತ್ತಿ ಅವಳ ಕೈಗೆ ಕೊಟ್ಟ. ಅವಳು ಅವನ್ನು ನೆಲದ ಮೇಲೆ ಬಿಟ್ಟು, ಮೇಲೊಂದು ದೊಡ್ಡ ಬಿದಿರಿನ ಮಂಕರಿ ಬೋರಲು ಹಾಕಿ, ಮಂಕರಿಯ ಮೇಲೆ ಕಲ್ಲು ಹೇರಿದಳು.

"ಇದೆಲ್ಲಾ ಎಷ್ಟು ದಿನ! ನಾನು ಒಳ್ಳೆ ಕಬ್ಬಿಣದ ಜಾಲ್ರಿ ಕಳಿಸ್ತೀನಿ. ನಾಲ್ಕು ಕಲ್ಲುಕೂಚ ನೆಟ್ಟು ಸುತ್ತ ಬಿಗುದ್ರೆ ಇದುಕ್ಕಿಂತ ಚೆನ್ನಾಗಿರ್ತೈತೆ," ಎಂದ ಮುತ್ತುರಾಜ್.

"ಕಳಿಸಪ್ಪ," ಎಂದಳು ಮೈಲಾರಮ್ಮ.

ಅವನು ಜಾಲರಿ ಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ವಾರವೇ ಕೊಂಡ. ದಪ್ಪ ತಂತಿಯ, ಕೈಗೆ ಭಾರವಾಗುವ ಜಾಲರಿ. ಸುರುಳಿ ಸುತ್ತಿಸಿ ಹೊತ್ತು ತಂದು ಜಂಬಯ್ಯನ ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟ. ಊರಿಗೆ ಹೋಗುವ ಯಾರಾದರೂ ಸಿಕ್ಕಾಗ ಕಳಿಸಿದರಾಯಿತು ಎಂದುಕೊಂಡ.

ಜಂಬಯ್ಯ ಬಳ್ಳಾರಿ ರಸ್ತೆಯ ಮೆಕ್ಯಾನಿಕ್ಕು. ಬಾಯಿ ಜೋರು, ಕೈ ನಿಧಾನ. ಗಾಡಿ ನೋಡಿದವನೇ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮಾಸ್ತರ್ರ, ಇದನ್ನ ನಿಲ್ಸಿರೋದು ಕಬ್ಬಿಣ ಅಲ್ರಿ, ತುಕ್ಕು. ತುಕ್ಕು ಕೆರುದ್ರ ಗಾಡಿ ಉಳ್ಯಾಂಗಿಲ್ಲ," ಎಂದ.

"ಅಪ್ಪನ ಗಾಡಿ, ಜಂಬಣ್ಣ."

"ಅಪ್ಪನ ಹೆಸರು ಹೇಳಿದ ಮ್ಯಾಲ ಇನ್ನೇನೈತ್ರಿ. ಒಳಗ ತಳ್ರಿ."

ಕೈಯಲ್ಲಿ ದುಡ್ಡಿಲ್ಲದವನು ಗಾಡಿ ಕಟ್ಟುವುದು ಹೇಗೆಂದು ಮುತ್ತುರಾಜನನ್ನು ನೋಡಿ ಕಲಿಯಬೇಕು. ಜಂಬಯ್ಯನ ಮನೆಮಂದಿಗೆಲ್ಲ ಜೀನ್ಸ್ ಹೊಲಿದುಕೊಟ್ಟ, ಅವನು ಎಂಜಿನ್ನು ಬಿಚ್ಚಿದ. ಬಳ್ಳಾರಿಯ ಗುಜರಿಯವನ ಮಗನ ಮದುವೆಗೆ ಕೋಟು ಹೊಲಿದುಕೊಟ್ಟ, ಅವನು ಯಾವುದೋ ಸತ್ತ ಜೀಪಿನ ರೇಡಿಯೇಟರು ಕೊಟ್ಟ. ತುಕ್ಕು ಕೆರೆಯಲು ಜೀನ್ಸ್ ತೊಳೆಯುವವರು ಬಟ್ಟೆಯ ಬಣ್ಣ ಮಾಸಲು ಮಾಡಲು ಹಾಕುವ ಹಗುರ ಕಲ್ಲನ್ನೇ ಬೇಡಿ ತಂದ. ಸೀಟಿಗೆ ರಿಜೆಕ್ಟ್ ಆದ ಜೀನ್ಸುಗಳನ್ನು ಬಿಚ್ಚಿ ಜೋಡಿಸಿ ಹೊಲಿದ. ಹಿಂಜೇಬುಗಳನ್ನು ಕೀಳದೆ ಹಾಗೇ ಬಿಟ್ಟ, ಪಾನಾ, ಸ್ಕ್ರೂಡ್ರೈವರು ಇಡಲು ಬರುತ್ತದೆಂದು. ಚೋಕಿನ ಗುಂಡಿ ಮುರಿದಿದ್ದ ಕಡೆ ಜೀನ್ಸಿನ ಹಿತ್ತಾಳೆ ಗುಂಡಿ ಕೂರಿಸಿದ. ನೋಡಲು ಬಂದವರು, "ಏನ್ರಿ, ಗಾಡಿಗೆ ಪ್ಯಾಂಟ್ ತೊಡಿಸೀರಿ," ಎಂದು ನಕ್ಕರೆ ಅವನಿಗೆ ಹೆಮ್ಮೆ. ಕಾರ್ಖಾನೆ ಬಿಟ್ಟ ಮೇಲೆ ದಿನಾ ಗ್ಯಾರೇಜು. ಹೆಂಡತಿ ಮಂಗಳಾ ಊಟ ಅಲ್ಲಿಗೇ ತರುತ್ತಿದ್ದಳು.

ತೊಟ್ಟಿಯನ್ನು ಮಾತ್ರ ಅವನು ಯಾರ ಕೈಗೂ ಕೊಡಲಿಲ್ಲ, ತಾನೇ ಕೆರೆದ. ಮೂಲೆಗಳಲ್ಲಿ ಒಣಗಿ ಕಲ್ಲಾದ ಕುರಿ ಹಿಕ್ಕೆ, ಅದರ ಕೆಳಗೆ ಉಣ್ಣೆಯ ಜಿಡ್ಡು, ಅದರ ಕೆಳಗೆ ಅಪ್ಪನ ಕಾಲದ ಹಸಿರು ಬಣ್ಣ. ಒಳಗೋಡೆಯಲ್ಲಿ, ಮೊಣಕಾಲಿಗಿಂತ ಕೆಳಗೆ, ಸುತ್ತಲೂ ಒಂದು ಪಟ್ಟಿ ಮಾತ್ರ ತುಕ್ಕೇ ಹಿಡಿಯದೆ ಬೆಳ್ಳಿಯ ಹಾಗೆ ನುಣುಪಾಗಿತ್ತು. ವರ್ಷಗಟ್ಟಲೆ ಮರಿಗಳು ಮೈ ಉಜ್ಜಿ ಉಜ್ಜಿ ಆದ ನುಣುಪು. ಮುತ್ತುರಾಜ್ ಅದರ ಮೇಲೆ ಬೆರಳಾಡಿಸಿದ. ಮನಸ್ಸಿಗೆ ಏನೋ ಚುಚ್ಚಿತು. ಮಾರನೆಯ ದಿನ ಅದರ ಮೇಲೂ ಪ್ರೈಮರು ಬಳಿದ.

"ಆ ಜಾಲರಿ ನಿಮ್ಮ ಅಕ್ಕಗ ಕಳ್ಸಲಿಲ್ಲೇನು?" ಎಂದು ಮಂಗಳಾ ಒಮ್ಮೆ ಕೇಳಿದಳು. ಇನ್ನೊಮ್ಮೆಯೂ ಕೇಳಿದಳು. "ಈ ವಾರ ಕಳಿಸ್ತೀನಿ," ಎಂದ ಎರಡು ಸಲವೂ.

ಆಮೇಲೆ ಕ್ಯಾಬಿನ್ನಿನ ಹಿಂಬದಿಯ ಗಾಜಿನ ಸಮಸ್ಯೆ ಬಂತು. ಆ ಅಳತೆಯ ಗಾಜು ಯಾವ ಗುಜರಿಯಲ್ಲೂ ಸಿಗಲಿಲ್ಲ. ಕೊಯ್ಯಿಸಿ ಹಾಕಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಜಂಬಯ್ಯ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದ. "ಅದ್ಯಾಕ್ರಿ ಅಲ್ಲಿ ಸುಮ್ಮನ ಕುಂತೈತಿ? ಕೊಯ್ದು ಕೂಡ್ಸಿದ್ರ ಗಾಜಿಗಿಂತ ಗಟ್ಟಿ."

"ಅದು ಅಕ್ಕನಿಗೆ ತಂದಿದ್ದು," ಎಂದ ಮುತ್ತುರಾಜ್.

"ಅಕ್ಕಗ ಮತ್ತೊಂದು ತಂದ್ರಾತು ಬಿಡ್ರಿ."

ಹೌದಲ್ಲ, ಮತ್ತೊಂದು ತಂದರಾಯಿತು. ಇಷ್ಟೇ ನಡೆದದ್ದು. ಜಂಬಯ್ಯ ಜಾಲರಿ ಕೊಯ್ದು ಚೌಕಟ್ಟು ಹಾಕಿ ಸೀಟಿನ ಹಿಂದೆ ಬಿಗಿದ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ಉಳಿದದ್ದೆಲ್ಲ ಮಡಿಕೆ ಮಡಿಕೆಯಾಗಿ ರೇಡಿಯೇಟರಿನ ಮುಂದೆ ಹೋಯಿತು. ಚೆಂದವೂ ಕಂಡಿತು.

ಅದಾಗಿ ಕೆಲವು ದಿನಕ್ಕೆ ಕಲ್ಲುರೊಪ್ಪದ ಚಿತ್ತಪ್ಪ ರಾಯದುರ್ಗಕ್ಕೆ ಬಂದ. ಅಗ್ಗದ ಜೀನ್ಸು ಗಂಟು ಕಟ್ಟಿಕೊಂಡು ಹೋಗಿ ಮಡಕಶಿರದ ಸಂತೆಯಲ್ಲಿ ಮಾರುವುದು ಅವನ ಕಸುಬು. ಗ್ಯಾರೇಜಿಗೇ ಹುಡುಕಿಕೊಂಡು ಬಂದು, ಗಾಡಿಯ ಮೈ ಸವರಿ, "ಸೂರಪ್ಪಣ್ಣ ಎದ್ದು ಬಂದಂಗಾತು ಕಣೋ!" ಎಂದ. ಇಬ್ಬರೂ ಕ್ಯಾಬಿನ್ನಿನಲ್ಲೇ ಕೂತು ಚಹಾ ಕುಡಿಯುತ್ತಿರುವಾಗ, ಊರಿನ ಸುದ್ದಿಯ ನಡುವೆ, "ಅಂಗೇ ನಿಮ್ಮಕ್ಕುಂಗೂ ಬಾಳಾ ಲುಕ್ಸಾನಾತು, ಪಾಪ," ಎಂದುಬಿಟ್ಟ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುತ್ತುರಾಜನ ಕೈ ತನಗೆ ತಾನೇ ಹಿಂದಿನ ಜಾಲರಿಯ ಮೇಲೆ ಹೋಯಿತು.

"ಏನಾತು?"

"ಗೊತ್ತಿಲ್ವಾ ನಿಂಗೆ? ತ್ವಾಳ ಬಿತ್ತು ಕಣಪ್ಪ. ಅಕ್ಕಯ್ಯ ಕುರಿ ಹೊಡ್ಕಂಡು ಹೋಗಿದ್ಲು. ಮಂಕ್ರಿ ಮ್ಯಾಗ್ಳ ಕಲ್ಲು ಉಳ್ಳಿಸಿ, ಮಂಕ್ರಿ ಮಗುಚಾಕಿ, ಒಳಗಿದ್ದ ಒಂದ್ ಮರೀನೂ ಬಿಟ್ಟಿಲ್ಲ. ಸಂಜೀಕೆ ಕುರಿ ಬಂದ್ವು ನೋಡು, ಖಾಲಿ ಮಂಕ್ರಿ ಸುತ್ತ ಸುತ್ತಿದ್ವು, ಕೆಚ್ಚಲು ತುಂಬ್ಕಂಡು ಅರಚಿದ್ವು. ಊರೋರು ಯಾರೂ ಉಣ್ಲಿಲ್ಲ ಆವತ್ತು."

"ನಂಗ್ಯಾಕೆ ಹೇಳ್ಲಿಲ್ಲ ಅವ್ಳು? ಫೋನ್ ಐತಲ್ಲ!"

"ಹೇಳ್ಬ್ಯಾಡ ಅಂದ್ಲು. ಹುಡ್ಗ ಆಸೆಪಟ್ಟು ಗಾಡಿ ತಗಂಡೋಗವ್ನೆ, ಮನಸ್ಸಿಗೆ ಹಚ್ಕಂತಾನೆ ಅಂದ್ಲು. ನಾನೂ ಹೇಳ್ತಿರ್ಲಿಲ್ಲ, ಬಾಯ್ತಪ್ಪಿ ಬಂತು."

ಚಿತ್ತಪ್ಪ ಹೋದ ಮೇಲೆ ಮುತ್ತುರಾಜ್ ಸೀಟಿನ ಮೇಲೆ ಕೂತೇ ಇದ್ದ. ತಪ್ಪು ತನ್ನದು, ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ತೋಳ ತನ್ನ ಹೊಟ್ಟೆ ನೋಡಿಕೊಂಡಿತು. ಅಕ್ಕ ಅಪ್ಪನ ಮಾತು ನಡೆಸಿದಳು. ಮಾತು ಕೊಟ್ಟು, ಜಾಲರಿ ಕೊಂಡು, ಕೊಂಡದ್ದನ್ನು ತನ್ನ ಬೆನ್ನ ಹಿಂದೆ ಚೆಂದಕ್ಕೆ ಬಿಗಿದುಕೊಂಡವನು ತಾನೊಬ್ಬನೇ. ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು.

ಮಂಗಳಾ ವಿಷಯ ಕೇಳಿದವಳೇ, "ಈಗಿಂದೀಗ ಬಿಚ್ರಿ ಅದನ್ನ. ಬಸ್ಸಿನ ಮ್ಯಾಲ ಹಾಕ್ರಿ, ನಾಳಿಗಿ ಮುಟ್ಟತೈತಿ. ಆಮ್ಯಾಲ ನೀವು ಹೋಗಿ ಅಕ್ಕನ ಕೂಡ ಮಾತಾಡ್ರಿ," ಎಂದಳು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ನೀವು ಅನ್ನಬಹುದು, ಆದರೂ ಅದೇ ಸರಿಯಾದ ಮಾತು. ಮುತ್ತುರಾಜ್ ಕೇಳಲಿಲ್ಲ. ತಪ್ಪು ಮಾಡಿದವನಿಗೆ ಸಣ್ಣ ಪ್ರಾಯಶ್ಚಿತ್ತ ರುಚಿಸುವುದಿಲ್ಲ. ಬಸ್ಸಿನ ಮೇಲೆ ಜಾಲರಿ ಕಳಿಸುವುದೇ? ಗಾಡಿಯನ್ನೇ ಮುಗಿಸಿ, ಹೊಸ ಮದುಮಗಳ ಹಾಗೆ ಸಿಂಗರಿಸಿ, ಅಕ್ಕನ ಅಂಗಳಕ್ಕೆ ನಡೆಸಿಕೊಂಡು ಹೋಗಿ, ಮರಿಗಳನ್ನು ಮತ್ತೆ ತೊಟ್ಟಿಗೆ ಏರಿಸಿ ಅವಳ ಕಣ್ಣ ಮುಂದೆ ನಿಲ್ಲಬೇಕು. ಆಗ ಅವಳು ನಗುತ್ತಾಳೆ, ತನ್ನ ಎದೆಯ ಭಾರ ಇಳಿಯುತ್ತದೆ. ಅವನು ಕಂಡ ಕನಸಿನಲ್ಲಿ ಇಳಿಯುವ ಭಾರವೆಲ್ಲ ಅವನದೇ ಆಗಿತ್ತು, ಅದು ಅವನಿಗೆ ಹೊಳೆಯಲಿಲ್ಲ.

ಹಗಲೂ ರಾತ್ರಿಯೂ ದುಡಿದ. ಎಲ್ಲಕ್ಕಿಂತ ಅಗ್ಗದ ಎನಾಮಲ್ ಬಣ್ಣ ತಂದು, ಒಳಗೂ ಹೊರಗೂ ಎರಡೆರಡು ಸಲ ಬಳಿದ. ಅಪ್ಪನ ಕಾಲದ ಹಸಿರೇ. ಒಣಗಿತೋ ಇಲ್ಲವೋ ಎನ್ನುವಷ್ಟರಲ್ಲಿ, ಒಂದು ನಸುಕಿನಲ್ಲಿ ಹೊರಟೇಬಿಟ್ಟ. ಕಲ್ಯಾಣದುರ್ಗ, ಪಾವಗಡ ದಾಟಿ ಗಾಡಿ ಒಮ್ಮೆಯೂ ಕೆಮ್ಮದೆ ಓಡಿತು. ದಾರಿಯಲ್ಲಿ ಹಳೇ ಲಾರಿಯ ಡ್ರೈವರುಗಳು ಹಾರನ್ನು ಹೊಡೆದು ಮೆಚ್ಚಿಕೊಂಡರು. ಅವನು ಮೆಚ್ಚಿಗೆ ತೆಗೆದುಕೊಳ್ಳಲಿಲ್ಲ ಎಂದೇನಲ್ಲ.

ಕಲ್ಲುರೊಪ್ಪ ತಲುಪುವ ಹೊತ್ತಿಗೆ ಮೈಲಾರಮ್ಮ ಕುರಿ ಹೊಡೆದುಕೊಂಡು ಹೋಗಿಯಾಗಿತ್ತು. ಅಂಗಳದಲ್ಲಿ ಮಂಕರಿ ಇರಲಿಲ್ಲ. ಹಾಸಿಗೆ ಸುತ್ತಿಟ್ಟ ಮಂಚವೊಂದು ಹೊರಗೆ ಹೊಂಗೆ ಮರದಡಿ ಇತ್ತು. ಮನೆಗೆ ಬೀಗ, ಒಳಗಿಂದ ಮರಿಗಳ ಸದ್ದು. ಅವಳು ಬೀಗದ ಕೈ ಇಡುವ ಒರಳಿನ ಸಂದಿ ಅವನಿಗೆ ಗೊತ್ತಿತ್ತು. ಬಾಗಿಲು ತೆರೆದು ನೋಡಿದರೆ, ಅವಳು ಮಲಗುವ ಕೋಣೆಯ ತುಂಬ ಹೊಸ ಮರಿಗಳು. ಕೆಲವಕ್ಕೆ ಹೊಕ್ಕಳ ಬಳ್ಳಿ ಇನ್ನೂ ಒಣಗಿರಲಿಲ್ಲ. ಮರಿಗಳಿಗೆ ಮನೆ ಬಿಟ್ಟುಕೊಟ್ಟು ಅವಳು ಹೊರಗೆ ಮಲಗುತ್ತಿದ್ದಳು.

ಮುತ್ತುರಾಜ್ ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ಕೂತ. ಆಮೇಲೆ ಎದ್ದು ಗಾಡಿಯನ್ನು ಹಿಮ್ಮುಖವಾಗಿ ತಂದು ಹಳೆಯ ಜಾಗದಲ್ಲೇ ನಿಲ್ಲಿಸಿದ. ದಾರಿಯ ಧೂಳು ಕೂತಿತ್ತಲ್ಲ, ಸೀಮೆಎಣ್ಣೆಯ ಬಟ್ಟೆಯಿಂದ ತೊಟ್ಟಿಯ ಒಳಹೊರಗೆಲ್ಲ ಮಿಂಚುವಂತೆ ಒರೆಸಿದ. ಕೆಳಗೆ ಜೀನ್ಸಿನ ತುಂಡುಗಳನ್ನು ಮೆತ್ತಗೆ ಹಾಸಿದ. ಒಂದೊಂದೇ ಮರಿಯನ್ನು ಎದೆಗವಚಿ ತಂದು ಒಳಗೆ ಬಿಟ್ಟ. ಬಿಸಿಲು ಬೀಳದಂತೆ ಮೇಲೆ ತಾನೇ ಹೊಲಿದ ಜೀನ್ಸಿನ ಟಾರ್ಪಾಲು ಬಿಗಿದ. ಅಕ್ಕ ಬರುವುದನ್ನೇ ಕಾಯುತ್ತ ಮಂಚದ ಮೇಲೆ ಕೂತ. ಎಷ್ಟೋ ದಿನಗಳ ಮೇಲೆ ಅವನ ಮನಸ್ಸು ಹಗುರಾಗಿತ್ತು.

ಸಂಜೆ ಕುರಿಗಳು ಧೂಳೆಬ್ಬಿಸಿಕೊಂಡು ಬಂದವು. ಈದ ಕುರಿಗಳು ಎಂದಿನಂತೆ ಮುಂದೆ ಓಡಿ ಬಂದವು. ಮರಿಗಳ ಕೂಗಿಗೆ ಗಾಡಿಯ ಹತ್ತಿರ ಹೋದವು. ಮೈಲಾರಮ್ಮ ದೂರದಿಂದಲೇ ಗಾಡಿ ನೋಡಿ, ಕೈಯಲ್ಲಿದ್ದ ಕೋಲು ಕೆಳಗೆ ಹಾಕಿ, ಬಾಯಿಗೆ ಸೆರಗು ಹಿಡಿದಳು. ಮುತ್ತುರಾಜ್ ಓಡಿ ಹೋಗಿ ಡೋರು ಇಳಿಸಿದ. ಮರಿಗಳು ಧುಮುಕಿ ತಾಯಂದಿರ ಹೊಟ್ಟೆ ಕೆಳಗೆ ನುಗ್ಗಿದವು.

ಮೊದಲ ಕುರಿ ತನ್ನ ಮರಿಯ ಬಾಲ ಮೂಸಿತು. ಹಿಂದೆ ಸರಿಯಿತು. ಮರಿ ಮತ್ತೆ ನುಗ್ಗಿದಾಗ ತಲೆ ತಗ್ಗಿಸಿ ಗುದ್ದಿತು. ಎರಡನೆಯದೂ ಹಾಗೇ. ಮರಿಗಳು ಕೆಚ್ಚಲು ಹುಡುಕಿಕೊಂಡು ಹೋದಲ್ಲೆಲ್ಲ ಒದೆ, ಗುದ್ದು. ಬಣ್ಣದ ನಾತ, ಸೀಮೆಎಣ್ಣೆಯ ನಾತ, ಹಗಲೆಲ್ಲ ಟಾರ್ಪಾಲಿನ ಕೆಳಗೆ ಬೆಂದು ಮರಿಗಳ ಉಣ್ಣೆಗೆ ಹತ್ತಿಬಿಟ್ಟಿತ್ತು. ತಾಯಿ ಕುರಿಗೆ ಕಣ್ಣಿಗಿಂತ ಮೂಗೇ ಮೊದಲು. ಈ ವಿಷಯ ಮುತ್ತುರಾಜನಿಗೆ ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಬೀಡಿ ಸೇದಿದ ಕೈಯಲ್ಲಿ ಎಳೆಮರಿ ಮುಟ್ಟಿದ್ದಕ್ಕೆ ಸೂರಪ್ಪ ಒಮ್ಮೆ ಆಳಿನ ಕೆನ್ನೆಗೆ ಬಾರಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಗೊತ್ತಿದ್ದುದೆಲ್ಲ ಜೀನ್ಸಿನ ಧೂಳಿನಲ್ಲಿ ಎಲ್ಲಿ ಹೋಗಿತ್ತೋ.

"ಅಯ್ಯೋ, ಏನ್ ಹಾಕ್ದೆ ಅದ್ರೊಳಗೆ? ಏನ್ ಹಾಕ್ದೆ ಮುತ್ತಾ?" ಮೈಲಾರಮ್ಮ ಒಂದು ಮರಿಯನ್ನೆತ್ತಿ ಮೂಸಿ ಕೂಗಿದಳು.

"ಬಣ್ಣ, ಅಕ್ಕಯ್ಯ... ಸೀಮೆಣ್ಣೇಲಿ ಒರೆಸ್ದೆ..."

"ನೀನು ಕುರಿ ಕಾಯೋರ ಮನೇಲಿ ಹುಟ್ಟಿದೋನಲ್ವೇನ್ಲಾ!"

ಅವಳು ಅಂದದ್ದು ಅಷ್ಟೇ. ಬೈಗುಳಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ. ಸೀಗೆಪುಡಿ ಕಲಸಿ ಮರಿಗಳನ್ನು ತೊಳೆದಳು, ಒಣಬಟ್ಟೆಯಲ್ಲಿ ತಿಕ್ಕಿದಳು. ಕುರಿ ಕೂಡುವ ರೊಪ್ಪದ ಹಸಿ ಮಣ್ಣು ತಂದು ಮೈಗೆ ಸವರಿದಳು. ಕುರಿಯ ಹಾಲನ್ನೇ ಅಂಗೈಗೆ ಕರೆದು ಅದರದರ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಹಚ್ಚಿದಳು. "ಕಾಲ್ ಹಿಡಿ," ಎಂದಳು. ಮುತ್ತುರಾಜ್ ಮಂಡಿಯೂರಿ ಕುರಿಯ ಹಿಂಗಾಲು ಹಿಡಿದ, ಅವಳು ಮರಿಯ ಬಾಯಿಗೆ ಮೊಲೆ ಕೊಟ್ಟಳು. ಒಂದಾದ ಮೇಲೆ ಒಂದು. ಒದೆಗಳೆಲ್ಲ ಅವನ ಮೊಣಕೈಗೆ, ಎದೆಗೆ ಬಿದ್ದವು. ಅವನಿಗೆ ಅದು ಸಾಲದು ಅನ್ನಿಸುತ್ತಿತ್ತು. ಆ ಸಂಜೆ ಅಕ್ಕತಮ್ಮ, "ಹಿಡಿ", "ಬಿಡು" ಎನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ.

ಬೆಳಗಾಗುವ ಹೊತ್ತಿಗೆ ಕುರಿಗಳು ಸುಧಾರಿಸಿಕೊಂಡು ತಮ್ಮ ತಮ್ಮ ಮರಿಗಳನ್ನು ನೆಕ್ಕತೊಡಗಿದ್ದವು. ಒಂದು ಮಾತ್ರ ಒಲ್ಲೆನೆಂದಿತು. ಚೊಚ್ಚಲು ಈದ ಕುರಿ. ಅದರ ಮರಿಗೆ ಒಂದು ಕಿವಿ ಕಪ್ಪು. ಎಷ್ಟು ಸಲ ಹಾಲು ಸವರಿದರೂ ಮೂಸಿ ಮುಖ ತಿರುಗಿಸಿತು. ಮೈಲಾರಮ್ಮ ಅದನ್ನು ಪಕ್ಕಕ್ಕೆ ಕಟ್ಟಿ, ಹಾಲು ಕರೆದು, ಸೀಸೆಯಲ್ಲಿ ಮರಿಗೆ ಕುಡಿಸಿದಳು.

ಮುತ್ತುರಾಜ್ ಅಷ್ಟರಲ್ಲಿ ಪಾನಾ ತೆಗೆದಿದ್ದ. ಗಾಡಿಯ ಕೆಳಗೆ ಅಂಗಾತ ಮಲಗಿ ತೊಟ್ಟಿಯ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಜಂಬಯ್ಯ ಹೋದ ವಾರ ಬಿಗಿದವು, ಸುಲಭವಾಗಿ ಬಂದವು.

"ಏನ್ಲಾ ಮಾಡ್ತಿದೀಯ?" ಎಂದಳು ಮೈಲಾರಮ್ಮ.

"ತೊಟ್ಟಿ ಇಳಿಸ್ತೀನಿ. ಇಲ್ಲೇ ಇರ್ಲಿ."

"ತೊಟ್ಟಿ ಇಲ್ದಿರೋ ಗಾಡಿ ತಗಂಡು ಏನ್ ಮಾಡ್ತೀಯ? ಗಾಡಿ ನಿಂಗೆ ಅಂತ ಅಪ್ಪನೇ ಹೇಳವ್ನೆ."

"ಗಾಡಿ ಮಗಂಗೆ ಅಂದ. ತೊಟ್ಟಿ ಯಾರ್ಗೆ ಅಂತ ಹೇಳ್ಲಿಲ್ಲ. ನಾನೇ ನಂದು ಅನ್ಕಂಡೆ."

ಬಸ್ಸಿಗೆ ಹೊರಟಿದ್ದ ನಾಲ್ಕು ಜನರನ್ನು ಕೂಗಿ, ಬೊಂಬು ಕೊಟ್ಟು ತೊಟ್ಟಿ ಎತ್ತಿಸಿ, ಹೊಂಗೆ ಮರದಡಿ ಎತ್ತರದ ಕಲ್ಲುಗಳ ಮೇಲೆ ಕೂರಿಸಿದರು. ಬಣ್ಣದ ವಾಸನೆ ಹೋಗುವವರೆಗೆ ಅದು ಬಿಸಿಲು ಗಾಳಿ ಕುಡಿಯುತ್ತ ಖಾಲಿ ಇರಲಿ ಎಂದಳು ಮೈಲಾರಮ್ಮ. ಹಸಿ ಸಗಣಿ ತಂದು ಒಳಗೋಡೆಗೆ, ಅವನು ಎರಡು ಸಲ ಬಳಿದ ಹಸಿರಿನ ಮೇಲೆ, ದಪ್ಪಗೆ ಬಳಿದಳು. ಅವನು ಬಣ್ಣ ಹೊಡೆದುದಕ್ಕಿಂತ ಹೆಚ್ಚು ಒಪ್ಪವಾಗಿ ಬಳಿದಳು.

ಆಮೇಲೆ ಅವನು ಕ್ಯಾಬಿನ್ನಿನ ಹಿಂದಿನ ಜಾಲರಿ ಬಿಚ್ಚಿ ತಂದ. ಮುಂದಿನ ಮಡಿಕೆಯನ್ನೂ ಬಿಡಿಸಿ ತಂದ. ತಂತಿಯಿಂದ ತೊಟ್ಟಿಯ ಬಾಯಿಗೆ ಅಡ್ಡಲಾಗಿ ಬಿಗಿಯತೊಡಗಿದ.

"ಅಷ್ಟು ಚೆನ್ನಾಗಿ ಕೂಡ್ಸಿದ್ದುನ್ನ ಯಾಕ್ ಕಿತ್ತೆ?"

"ಇದು ನಿಂದೇ ಅಕ್ಕಯ್ಯ. ಗಾಡಿ ತಗಂಡೋದ ವಾರಾನೇ ಕೊಂಡಿದ್ದೆ." ಅವನು ತಲೆ ಎತ್ತಲಿಲ್ಲ. "ನಿಂಗೆ ಕಳ್ಸೋದು ಬಿಟ್ಟು ಗಾಡಿಗೆ ಹಾಕ್ಕಂಡೆ. ತ್ವಾಳ ಬಂದ ದಿನ ಇದು ಗ್ಯಾರೇಜ್ನಲ್ಲಿತ್ತು."

ಮೈಲಾರಮ್ಮ ತಂತಿಯ ಇನ್ನೊಂದು ತುದಿ ಹಿಡಿದು ಎಳೆದಳು. ಕಟ್ಟು ಬಿಗಿದು, ತುದಿ ತಿರುಚಿ ಮುಗಿಸಿದ ಮೇಲೆ, "ನಂಗೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗ್ತೈತೆ," ಎಂದಳು. "ಆ ಕುರಿ ಅರಚಿದ್ದು ಈಗ್ಲೂ ಕಿವೀಲಿ ಐತೆ. ನಿನ್ನ ಹೆಸ್ರು ಹಿಡಿದು ಬೈದಿದೀನಿ, ಒಬ್ಳೇ ಕುಂತು."

ಅವನು ಅವಳ ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದೆ ಸರಿದಳು.

"ಕಾಲಿಗ್ ಬೀಳ್ಬ್ಯಾಡ. ಕಾಲಿಗ್ ಬಿದ್ದು ಎದ್ದೋದ್ರೆ ನಿಂಗೆ ಹಗುರಾಗ್ತೈತೆ, ನಂಗೇನಾ?" ಎಂದವಳೇ ಒಳಗೆ ಹೋದಳು.

ಅವನು ಹೊರಡುವ ಹೊತ್ತಿಗೆ ಅವಳು ಕಪ್ಪು ಕಿವಿಯ ಮರಿಯನ್ನೂ ಹಾಲಿನ ಸೀಸೆಯನ್ನೂ ಹಿಡಿದುಕೊಂಡು ಬಂದಳು. ಕ್ಯಾಬಿನ್ನಿನ ಬಾಗಿಲು ತೆಗೆದು ಮರಿಯನ್ನು ಜೀನ್ಸಿನ ಸೀಟಿನ ಮೇಲೆ ಬಿಟ್ಟಳು. ಸೀಸೆಯನ್ನು ಸೀಟಿನ ಹಿಂಜೇಬಿಗೆ ಸಿಕ್ಕಿಸಿದಳು. ಸರಿಯಾಗಿ ಹಿಡಿಯಿತು.

"ಅಕ್ಕಯ್ಯ, ಮರಿಗಳು ನಿನ್ ಪಾಲು," ಎಂದ ಅವನು.

"ಇದ್ರ ಮೈಗೆ ನಿನ್ ವಾಸ್ನೆ ಬಿದ್ದೈತೆ. ಹೆತ್ತವ್ಳು ಮುಟ್ಟಲ್ಲ. ನೀನೇ ಸಾಕು," ಎಂದಳು ಮೈಲಾರಮ್ಮ. "ಹೊತ್ತೊತ್ತಿಗೆ ಹಾಲು ಕೊಡು. ಹಸಿದ್ರೆ ಅರಚ್ತೈತೆ. ಅರಚೋದು ಕೇಳಿಸ್ಕೊಂಡು ಸುಮ್ನೆ ಕುಂತಿರ್ಬ್ಯಾಡ."

ತೊಟ್ಟಿಯಿಲ್ಲದ ಗಾಡಿ ಬೆನ್ನೆಲುಬು ತೋರಿಸಿಕೊಂಡು ರಸ್ತೆಗಿಳಿಯಿತು. ಬರುವಾಗ ಹಾರನ್ನು ಹೊಡೆದು ಮೆಚ್ಚಿದ್ದ ಲಾರಿಯವರ ಜಾತಿಯವರೇ ಈಗ ನೋಡಿ ನಕ್ಕರು. ಜಾಲರಿ ತೆಗೆದ ಕಿಂಡಿಯಿಂದ ಗಾಳಿ ನೇರ ಕತ್ತಿನ ಮೇಲೆ ಬೀಸುತ್ತಿತ್ತು. ಪಾವಗಡ ದಾಟುವಷ್ಟರಲ್ಲಿ ಮರಿ ಸೀಟಿನ ಮೇಲೆ ಉಚ್ಚೆ ಹೊಯ್ದಿತು. ಮುತ್ತುರಾಜ್ ಒರೆಸಲಿಲ್ಲ. ಇನ್ನಷ್ಟು ದೂರ ಹೋದ ಮೇಲೆ ಅದು ಅರಚತೊಡಗಿತು. ಸೀಸೆಯಲ್ಲಿದ್ದುದನ್ನು ಕುಡಿಸಿದ. ಕಲ್ಯಾಣದುರ್ಗದ ಹತ್ತಿರ ಮತ್ತೆ ಅರಚಿತು, ಸೀಸೆ ಖಾಲಿ.

ರಸ್ತೆ ಬದಿಯ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಿ, ನೀರು ಬೆರೆಸದ ಹಾಲು ಉಗುರುಬೆಚ್ಚಗೆ ಮಾಡಿಕೊಡಲು ಕೇಳಿದ. ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತು ಕುಡಿಸಿದ. ಅಂಗಡಿಯವನು ಮೂಳೆ ಗಾಡಿಯನ್ನೂ, ಜೀನ್ಸ್ ತೊಟ್ಟ ಈ ಮನುಷ್ಯನನ್ನೂ, ಮರಿಯನ್ನೂ ನೋಡಿ ನೋಡಿ ತಡೆಯಲಾರದೆ, ಯಾರ ಮರಿಯಣ್ಣಾ ಇದು, ತಾಯಿ ಸತ್ತಿತಾ ಎಂದು ತೆಲುಗಿನಲ್ಲಿ ಕೇಳಿದ.

"ತಾಯಿ ಐತೆ," ಎಂದ ಮುತ್ತುರಾಜ್. "ಮರಿ ನಂದು."